ಗೇಜ್ ಒಂದೇ ಆದರೂ ರೈಲು ಓಡದೇಕೆ?

ಪ್ರಶ್ನೆ: ನಮ್ಮ ತಂದೆಯವರು ಬಾಲ್ಯದಲ್ಲಿ ಆಡುತ್ತಿದ್ದ ಮಾದರಿ ರೈಲುಗಳ ಪೆಟ್ಟಿಗೆಯೊಂದು ನನ್ನ ಪಾಲಿಗೆ ಬಂದಿದೆ. ಅದರಲ್ಲಿರುವ ಹಳೆಯ ಹಳಿಗಳ ನಡುವಿನ ಅಗಲವನ್ನು ಅಳೆದಾಗ 16.5 ಮಿ.ಮೀ. ಬಂದಿತು, ನಾನು ಈಚೆಗೆ ಕೊಂಡಿರುವ ಎಚ್‌ಒ (ಮಾದರಿ ರೈಲುಗಳ ಒಂದು ಅಳತೆ) ಹಳಿಯದೂ ಅಷ್ಟೇ. ಆದರೂ ಹಳೆಯ ಎಂಜಿನನ್ನು ಹೊಸ ಹಳಿಯ ಮೇಲೆ ಇಟ್ಟ ಕೂಡಲೇ ಕಂಟ್ರೋಲರ್ ತಾನಾಗಿಯೇ ವಿದ್ಯುತ್ತನ್ನು ಕಡಿದುಕೊಳ್ಳುತ್ತದೆ. ಕೆಲವು ಬೋಗಿಗಳು ಕವಲುಹಳಿಯನ್ನು ದಾಟುವಾಗ ಕೆಳಗೆ ಬೀಳುತ್ತವೆ. ಅಗಲ ಒಂದೇ ಆಗಿರುವಾಗ ಹೀಗೇಕೆ?

ಉತ್ತರ: ತಾವು ಅಳೆದದ್ದು ಸರಿಯಾಗಿಯೇ ಇದೆ. ಆದರೆ ಗೇಜ್ ಎಂಬುದು ಎರಡು ಹಳಿಗಳ ಒಳಮೈಗಳ ನಡುವಿನ ಅಂತರವನ್ನಷ್ಟೇ ಹೇಳುತ್ತದೆ. ಆ ಹಳಿಯಲ್ಲಿ ವಿದ್ಯುತ್ತು ಯಾವ ದಾರಿಯಲ್ಲಿ ಹರಿಯುತ್ತದೆ, ಚಕ್ರದ ಅಂಚು ಎಷ್ಟು ಆಳವಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ತಮ್ಮ ಎರಡು ತೊಂದರೆಗಳೂ ಈ ಎರಡು ಸಂಗತಿಗಳಿಂದಲೇ ಹುಟ್ಟಿವೆ.

ಮೊದಲು ವಿದ್ಯುತ್ತಿನ ವಿಷಯ. ಇಂದಿನ ಬಹುಪಾಲು ಎಚ್‌ಒ ರೈಲುಗಳು ಮತ್ತು ಅದೇ ಅಗಲದ ಹಳಿಯ ಮೇಲೆ ಓಡುವ ಬ್ರಿಟನ್ನಿನ ಒಒ ರೈಲುಗಳು ಎರಡು ಹಳಿಗಳ ಪದ್ಧತಿಯವು: ಒಂದು ಹಳಿಯಿಂದ ಎಂಜಿನನ್ನು ಸೇರಿದ 12 ವೋಲ್ಟ್ ಡಿಸಿ ವಿದ್ಯುತ್ತು ಮೋಟಾರಿನ ಮೂಲಕ ಹಾಯ್ದು ಇನ್ನೊಂದು ಹಳಿಯಿಂದ ಹಿಂದಿರುಗುತ್ತದೆ, ಆದ್ದರಿಂದ ಒಂದೇ ಅಚ್ಚಿನ ಎಡ ಬಲ ಚಕ್ರಗಳ ನಡುವೆ ವಿದ್ಯುತ್ತು ನೇರವಾಗಿ ದಾಟದಂತೆ ತಡೆ ಇರಲೇಬೇಕು. 1938ರಲ್ಲಿ ಬಂದ ಬ್ರಿಟನ್ನಿನ ಹಾರ್ನ್‌ಬಿ ಡಬ್ಲೊ ಮಾದರಿ ರೈಲುಗಳಲ್ಲಿ ವ್ಯವಸ್ಥೆ ಬೇರೆಯಿತ್ತು. ಅಲ್ಲಿ ನಡುವಿನ ಮೂರನೆಯ ಹಳಿ ವಿದ್ಯುತ್ತನ್ನು ಕೊಡುತ್ತಿತ್ತು, ಅಕ್ಕಪಕ್ಕದ ಎರಡೂ ಹಳಿಗಳು ಅದನ್ನು ಹಿಂದಕ್ಕೆ ಒಯ್ಯುತ್ತಿದ್ದವು. ಹೀಗಾಗಿ ಎರಡು ಬದಿಯ ಚಕ್ರಗಳನ್ನು ಪ್ರತ್ಯೇಕಿಸುವ ಅಗತ್ಯವೇ ಇರಲಿಲ್ಲ. ಅಂತಹ ಲೋಹದ ಚಕ್ರಗಳನ್ನು ಎರಡು ಹಳಿಗಳ ಮೇಲೆ ಇಟ್ಟರೆ ಅಚ್ಚೇ ತಂತಿಯಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ತಮ್ಮ ಕಂಟ್ರೋಲರ್ ಮಾಡುತ್ತಿರುವುದು ಕೆಟ್ಟದ್ದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವ ಕೆಲಸ.

ಎಂಜಿನನ್ನು ಮಗುಚಿ ನೋಡಿ. ಹೊಟ್ಟೆಯ ನಡುವೆ ಲೋಹದ ಚಿಕ್ಕ ಪಟ್ಟಿಯೋ ಉದ್ದನೆಯ ಜಾರುಪಟ್ಟಿಯೋ ಇದ್ದರೆ ಅದು ನಡುಹಳಿಯಿಂದ ವಿದ್ಯುತ್ತನ್ನು ಪಡೆಯುವ ಎಂಜಿನ್. ಬೋಗಿಗಳನ್ನು ಪರೀಕ್ಷಿಸಲು ಮಲ್ಟಿಮೀಟರನ್ನು ವಿದ್ಯುತ್ತಿಗೆ ದಾರಿಯಿದ್ದರೆ ಸದ್ದು ಮಾಡುವ ಸ್ಥಾನದಲ್ಲಿಟ್ಟು ಅದರ ಎರಡು ತುದಿಗಳನ್ನು ಒಂದೇ ಅಚ್ಚಿನ ಎಡ ಬಲ ಚಕ್ರಗಳಿಗೆ ತಾಗಿಸಿದರೆ ಸಾಕು. ಸದ್ದು ಬಂದರೆ ಆ ಚಕ್ರಜೋಡಿಯನ್ನು ಬದಲಿಸಬೇಕು. (ಎಂಜಿನ್ನಿನಲ್ಲಿ ಇದೇ ಪರೀಕ್ಷೆ ಮಾಡಿದರೆ ಮೋಟಾರಿನ ಸುರುಳಿಯ ಕೆಲವು ಓಮ್‌ಗಳು ಕಾಣಿಸಿಕೊಂಡು ದಾರಿ ತಪ್ಪಿಸುವುದುಂಟು, ಅಲ್ಲಿ ಸೊನ್ನೆಗೆ ತೀರ ಹತ್ತಿರದ ಅಳತೆ ಬಂದರೆ ಮಾತ್ರ ಅನುಮಾನಿಸಿ.) ಪ್ಲಾಸ್ಟಿಕ್ ಚಕ್ರಗಳ ಹಳೆಯ ಬೋಗಿಗಳಿಗೆ ಈ ತೊಡಕಿಲ್ಲ.

ಜಾರುಪಟ್ಟಿಯ ಎಂಜಿನ್ ಜರ್ಮನಿಯ ಮಾರ್ಕ್ಲಿನ್ ಕಂಪನಿಯದಾಗಿದ್ದರೆ ಇನ್ನೂ ಒಂದು ಎಚ್ಚರಿಕೆ ಬೇಕು. ಆ ಪದ್ಧತಿಯ ಹಳೆಯ ಎಂಜಿನುಗಳು ಸುಮಾರು 16 ವೋಲ್ಟ್ ಎಸಿ ವಿದ್ಯುತ್ತಿನಿಂದ ಓಡುತ್ತವೆ, ಮತ್ತು ದಿಕ್ಕು ಬದಲಿಸಲು ಸುಮಾರು 24 ವೋಲ್ಟಿನ ಕ್ಷಣಕಾಲದ ಹೊಡೆತವನ್ನು ಕೊಡಲಾಗುತ್ತದೆ. ಆ ಹಳೆಯ ಟ್ರಾನ್ಸ್‌ಫಾರ್ಮರನ್ನು ಹೊಸ ಎರಡು ಹಳಿಗಳಿಗೆ ಜೋಡಿಸುವ ಆಸೆಯನ್ನು ದಯವಿಟ್ಟು ಬಿಡಿ. ಶಾಶ್ವತ ಕಾಂತವಿರುವ ಡಿಸಿ ಮೋಟಾರು ಎಸಿ ವಿದ್ಯುತ್ತಿನಲ್ಲಿ ಸುತ್ತುವುದಿಲ್ಲ. ನಿಂತಲ್ಲೇ ಗುಂಯ್‌ಗುಡುತ್ತ ಕಾಯ್ದು ಸುಟ್ಟುಹೋಗುತ್ತದೆ. ಹಳಿಯ ಮೂಲಕವೇ ಎಂಜಿನಿಗೆ ಆದೇಶ ಕಳಿಸುವ ಡಿಜಿಟಲ್ ಹಳಿಯ ಮೇಲೆ, ಆ ಆದೇಶವನ್ನು ಓದುವ ಡಿಕೋಡರ್ ಇಲ್ಲದ ಡಿಸಿ ಎಂಜಿನನ್ನು ನಿಲ್ಲಿಸಿದಾಗಲೂ ಬಹುಮಟ್ಟಿಗೆ ಇದೇ ಆಗುತ್ತದೆ, ಏಕೆಂದರೆ ಅಲ್ಲಿ ಪೂರ್ಣ ವೋಲ್ಟೇಜ್ ಸದಾ ದಿಕ್ಕು ಬದಲಿಸುತ್ತ ಇದ್ದೇ ಇರುತ್ತದೆ.

ಇನ್ನು ಬೋಗಿಗಳು ಬೀಳುವ ವಿಷಯ. ಹಳಿಯ ಎತ್ತರವನ್ನು ಇಂಚಿನ ಸಾವಿರದಂಶಗಳಲ್ಲಿ ಹೇಳುವುದು ರೂಢಿ: ಕೋಡ್ 100 ಎಂದರೆ 2.54 ಮಿ.ಮೀ., ಕೋಡ್ 75 ಎಂದರೆ ಸುಮಾರು 1.9 ಮಿ.ಮೀ. ಹಳಿಯ ಬುಡದಲ್ಲಿ ಅದನ್ನು ಸ್ಲೀಪರಿಗೆ ಹಿಡಿದಿಡುವ ಪ್ಲಾಸ್ಟಿಕ್ ಹಿಡಿಕೆಗಳಿರುವುದರಿಂದ ಚಕ್ರದ ಅಂಚಿಗೆ ಸಿಗುವ ಜಾಗ ಇದಕ್ಕಿಂತಲೂ ಕಡಿಮೆ. ಇಂದಿನ ಸಣ್ಣ ಅಂಚಿನ ಚಕ್ರಗಳು ಇಲ್ಲಿ ಸಲೀಸಾಗಿ ಹೋಗುತ್ತವೆ; ಮಕ್ಕಳ ಕೈಯಲ್ಲೂ ಹಳಿ ತಪ್ಪದಿರಲೆಂದು ಆಳವಾದ ಅಂಚು ಕೊಟ್ಟಿದ್ದ ಹಳೆಯ ಚಕ್ರಗಳು ಕೋಡ್ 75 ಹಳಿಯ ಪ್ರತಿಯೊಂದು ಹಿಡಿಕೆಯನ್ನೂ ಬಡಿಯುತ್ತ ಟಕಟಕನೆ ಕುಣಿಯುತ್ತವೆ. ಕವಲುಹಳಿಯಲ್ಲಿ ಕಾಡುವುದು ಚಕ್ರಗಳ ಒಳಮೈಗಳ ನಡುವಿನ ಅಂತರ. ಇಂದಿನ ಒಒ ಚಕ್ರಗಳಲ್ಲಿ ಇದು ಸಾಮಾನ್ಯವಾಗಿ 14.5 ಮಿ.ಮೀ. ಹಳೆಯವುಗಳಲ್ಲಿ ಈ ಅಂತರ ಇದಕ್ಕಿಂತ ಕಿರಿದಾಗಿದ್ದರೆ ಚಕ್ರಗಳು ಕವಲಿನ ಚೆಕ್ ರೈಲನ್ನು (ಚಕ್ರ ದಾರಿ ತಪ್ಪದಂತೆ ಹಳಿಯ ಒಳಬದಿಗೆ ಇಟ್ಟಿರುವ ಕಾವಲು ಹಳಿ) ಅಮರಿಕೊಂಡು ಮೇಲಕ್ಕೆ ಹತ್ತಿಬಿಡುತ್ತವೆ. ವರ್ನಿಯರ್ ಕ್ಯಾಲಿಪರಿನಿಂದ ಅಳೆದು ನೋಡಿದರೆ ಊಹೆಗೆ ಎಡೆಯಿರುವುದಿಲ್ಲ.

ನನ್ನ ಸಲಹೆ ಇಷ್ಟು: ಬೋಗಿಗಳಿಗೆ ಹೊಸ ಚಕ್ರಜೋಡಿ ಹಾಕಿ, ಕೋಡ್ 100 ಹಳಿಯನ್ನು ಬಳಸಿ, ಎಂಜಿನನ್ನು ಮಾತ್ರ ಕೊರೆದು ಕತ್ತರಿಸಿ ಮಾರ್ಪಡಿಸಲು ಹೋಗಬೇಡಿ. ತಂದೆಯವರ ಹಳೆಯ ಹಳಿ ಪೆಟ್ಟಿಗೆಯಲ್ಲಿಯೇ ಇದೆಯಲ್ಲ, ಎಂಜಿನ್ ಅದರ ಮೇಲೆಯೇ ಓಡಲಿ.

ಪ್ರಶ್ನೆ: ಎಚ್‌ಒ ಮತ್ತು ಒಒ ಒಂದೇ ಹಳಿಯ ಮೇಲೆ ಓಡುವುದಾದರೆ ಎರಡು ಹೆಸರುಗಳೇಕೆ?

ಉತ್ತರ: ಹಳಿ ಒಂದೇ, ಪ್ರಮಾಣ ಬೇರೆ. ಎಚ್‌ಒ ನಿಜವಾದ ರೈಲಿನ 87ನೆಯ ಒಂದು ಭಾಗ, 16.5ನ್ನು 87ರಿಂದ ಗುಣಿಸಿದರೆ ಸ್ಟ್ಯಾಂಡರ್ಡ್ ಗೇಜಿನ 1435 ಮಿ.ಮೀ. ಸರಿಯಾಗಿ ಸಿಗುತ್ತದೆ. ಬ್ರಿಟನ್ನಿನ ಎಂಜಿನುಗಳು ಗಾತ್ರದಲ್ಲಿ ಚಿಕ್ಕವಾಗಿದ್ದು ಅಂದಿನ ಮೋಟಾರು ಅವುಗಳ ಎಚ್‌ಒ ಮಾದರಿಯೊಳಗೆ ಹಿಡಿಸುತ್ತಿರಲಿಲ್ಲವಾದ್ದರಿಂದ, ಅಲ್ಲಿನ ತಯಾರಕರು ಮೇಲ್ಕಾಯವನ್ನು ಮಾತ್ರ 1:76ಕ್ಕೆ ಹಿಗ್ಗಿಸಿ ಹಳಿಯನ್ನು ಇದ್ದ ಹಾಗೆಯೇ ಬಿಟ್ಟರು. ಲೆಕ್ಕದ ಪ್ರಕಾರ ಒಒ ಹಳಿ 18.83 ಮಿ.ಮೀ. ಇರಬೇಕಿತ್ತು. ಎರಡನ್ನೂ ಒಟ್ಟಿಗೆ ಓಡಿಸಬಹುದು, ಆದರೆ ಅಕ್ಕಪಕ್ಕ ನಿಲ್ಲಿಸಿದಾಗ ಒಒ ಬೋಗಿ ತುಸು ದಪ್ಪಗೆ ಕಾಣುವುದನ್ನು ಸಹಿಸಿಕೊಳ್ಳಬೇಕು.

ಪ್ರಶ್ನೆ: ಹಳೆಯ ಜರ್ಮನ್ ಕ್ಯಾಟಲಾಗಿನಲ್ಲಿ ಒ ಗೇಜ್ 35 ಮಿ.ಮೀ. ಎಂದಿದೆ. ಇಂದಿನ ಒ ಗೇಜ್ 32 ಮಿ.ಮೀ. ಹಾಗಾದರೆ ಇವು ಒಂದಕ್ಕೊಂದು ಹೊಂದುವುದಿಲ್ಲವೆ?

ಉತ್ತರ: ಹೊಂದುತ್ತವೆ. ಆ ಕಾಲದಲ್ಲಿ ಒಂದು ಹಳಿಯ ತಲೆಯ ನಡುವಿನಿಂದ ಇನ್ನೊಂದರ ತಲೆಯ ನಡುವಿಗೆ ಅಳೆಯುತ್ತಿದ್ದರು. ತಗಡಿನ ಹಳಿಯ ದಪ್ಪನೆಯ ತಲೆಯನ್ನು ಕಳೆದರೆ 32 ಉಳಿಯುತ್ತದೆ. 48 ಎಂದು ನಮೂದಾಗಿದ್ದ ಒಂದನೆಯ ಗೇಜ್ ಇಂದು 45 ಆಗಿರುವುದೂ ಹೀಗೆಯೇ. ಆದರೆ 1906ರಲ್ಲಿ ಅಮೆರಿಕದ ಲಯೊನೆಲ್ ಕಂಪನಿ ಸ್ಟ್ಯಾಂಡರ್ಡ್ ಎಂದು ಕರೆದು ಮಾರಿದ ಗೇಜ್ ನಿಜವಾಗಿಯೂ ಬೇರೆಯದು. ಅದರ ಅಗಲ ಸುಮಾರು 54 ಮಿ.ಮೀ. ಇದ್ದುದರಿಂದ ಅದರ ಬೋಗಿಗಳನ್ನು 45 ಮಿ.ಮೀ. ಹಳಿಯ ಮೇಲೆ ಕೂರಿಸಲಾಗದು.