ಹೇರ್‌ಪಿನ್ ತಿರುವಿನಲ್ಲಿ ದೊಡ್ಡ ಬೈಕ್ ವಾಲಿ ಬೀಳದಿರಲು

ಹಗುರವಾದ ಹಳೆಯ ಬೈಕ್ ಬಿಟ್ಟು ದೊಡ್ಡದಕ್ಕೆ ಬಂದ ಮೇಲೆ, ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಹೊಸ ಬೈಕ್ ವಾಲಿ ಬಿದ್ದದ್ದು ಏಕೆ ಎಂದು ಕೇಳಿದ್ದೀರಿ. ಬಹುಶಃ ಮುಂದಿನ ಬ್ರೇಕೇ ಕಾರಣ. 110 ಕಿಲೋ ಆಸುಪಾಸಿನ ಹಳೆಯ ಬೈಕಿನಲ್ಲಿ ಹ್ಯಾಂಡಲ್ ತಿರುಗಿರುವಾಗ ಬ್ರೇಕ್ ಹಿಡಿದರೂ ಕಾಲು ಕೊಟ್ಟು ತಡೆಯಬಹುದಿತ್ತು. 200 ಕಿಲೋ ಒಮ್ಮೆ ವಾಲಿತೆಂದರೆ ಕಾಲಿಗೆ ನಿಲ್ಲುವುದಿಲ್ಲ. ನನ್ನದೂ ಹೀಗೆಯೇ ಎರಡು ಸಲ ಮಲಗಿತ್ತು.

ಮೊದಲು ಖಾಲಿ ಮೈದಾನಕ್ಕೆ ಹೋಗಿ, ಬೈಕಿನ ಪಕ್ಕದ ಸಾಮಾನಿನ ಪೆಟ್ಟಿಗೆಗಳನ್ನು ಬಿಚ್ಚಿಡಿ. ಮೊದಲ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬಂದರೆ ಎಂಜಿನ್ ಸದ್ದು ತುಸು ಕುಗ್ಗಿ ಬೈಕ್ ಮುಂದಕ್ಕೆ ಜಗ್ಗುವ ಒಂದು ಜಾಗ ಸಿಗುತ್ತದೆ. ಕ್ಲಚ್ಚನ್ನು ಅಲ್ಲೇ ಹಿಡಿದು, ವೇಗವನ್ನು ಹಿಂದಿನ ಬ್ರೇಕಿನಿಂದ ಮಾತ್ರ ಹತೋಟಿಯಲ್ಲಿಟ್ಟು, ಎಂಟರ ಆಕಾರದಲ್ಲಿ ಸುತ್ತಿ. ಮುಂದಿನ ಚಕ್ರವನ್ನು ನೋಡಬೇಡಿ. ಗದ್ದವನ್ನು ಭುಜದತ್ತ ತಿರುಗಿಸಿ, ಹೋಗಬೇಕಾದ ಕಡೆಯೇ ನೋಡಿ. ಇದು ಕೈಗೆ ಹತ್ತುವವರೆಗೆ ದಯವಿಟ್ಟು ಘಾಟಿಗೆ ಹೋಗಬೇಡಿ.

ಘಾಟಿಯ ಬುಡದ ಸೋಮೇಶ್ವರದಿಂದ ಏರುವಾಗ ತಿರುವಿಗೆ ಮೊದಲೇ ಗೇರ್ ಇಳಿಸಿಕೊಳ್ಳಿ. ತಿರುವಿನ ನಡುವೆ ಕ್ಲಚ್ ಪೂರ್ತಿ ಒತ್ತಿದರೆ ಎಳೆತ ತಪ್ಪಿ ಬೈಕ್ ಒಳಕ್ಕೆ ಬೀಳುತ್ತದೆ. ಎಡಕ್ಕೆ ಹೊರಳುವ ತಿರುವುಗಳೇ ಹೆಚ್ಚು ಇಕ್ಕಟ್ಟು. ಮೇಲಿಂದ ಬಸ್ಸು ಕಂಡರೆ ನೇರ ರಸ್ತೆಯಲ್ಲೇ ನಿಂತು ದಾರಿ ಬಿಡಿ. ಇಳಿಯುವಾಗ ಮುಂದಿನ ಬ್ರೇಕಿನ ಕೆಲಸವನ್ನು ಹ್ಯಾಂಡಲ್ ನೇರವಿರುವಾಗಲೇ ಮುಗಿಸಿ. ಮಳೆಗಾಲದಲ್ಲಿ ರಸ್ತೆಯ ಅಂಚಿನ ಪಾಚಿಯ ಮೇಲೆ ಕಾಲೂರಬೇಡಿ.

ಸೀಟಿನ ಎತ್ತರವೂ ಕಾರಣವಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಎರಡೂ ಪಾದಗಳ ಮುಂಭಾಗ ನೆಲಕ್ಕೆ ಊರದಿದ್ದರೆ ಮೊದಲು ಸೀಟು ತಗ್ಗಿಸಲು ಮೆಕ್ಯಾನಿಕ್ ಬಳಿ ಹೋಗಿ.