ಹೊಡೆದಾಟ ಬೇಡ, ನೂರು ಸಂಪುಟವೂ ಬೇಡ ಅನ್ನುವವರಿಗೆ ನಾನು ಕೊಡುವ ಮಂಗಾಗಳು

ನೀವು ಕೇಳಿದ್ದು ಇಷ್ಟು: ಬಾಲಮಂಗಳ, ಟಿಂಟಿನ್ ಓದಿ ಬೆಳೆದವರು, ಈಗ ಮೂವತ್ತೈದು ದಾಟಿದೆ. ಆಫೀಸಿನ ಹುಡುಗರು ಮಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದಿ ಅಂತಾರೆ, ಆದರೆ ಅವರು ಹೇಳುವುದೆಲ್ಲ ಹೊಡೆದಾಟದ್ದು, ಇಲ್ಲವೇ ನೂರು ಸಂಪುಟ ದಾಟಿದ್ದು. ಸಂಜೆ ಅರ್ಧ ಗಂಟೆ ಕೂತು ಖುಷಿಯಾಗಿ ಓದುವಂಥ ಮಂಗಾ, ಇಲ್ಲವೇ ನೆಟ್ಟಿನಲ್ಲೇ ಬರುವ ವೆಬ್‌ಕಾಮಿಕ್ ಯಾವುದಿದೆ?

ಒಂದೇ ಒಂದು ಹೆಸರು ಹೇಳಿ ಅಂದರೆ ನಾನು ಹೇಳುವುದು 'ಸಿಲ್ವರ್ ಸ್ಪೂನ್'. ಬರೆದವರು ಹಿರೋಮು ಅರಾಕಾವಾ. 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಬರೆದು ಜಗತ್ತಿಗೆಲ್ಲ ಹೆಸರಾದವರು ಇವರೇ. ಅದು 2010ರಲ್ಲಿ ಮುಗಿಯಿತು. ಮುಂದಿನ ವರ್ಷವೇ ಮಾಟ, ಯುದ್ಧ ಎಲ್ಲ ಬಿಟ್ಟು ಒಂದು ಕೃಷಿ ಶಾಲೆಯ ಕಥೆ ಹಿಡಿದರು. 2019ರ ಹೊತ್ತಿಗೆ ಹದಿನೈದು ಸಂಪುಟಗಳಲ್ಲಿ ಅದೂ ಮುಗಿಯಿತು.

ಕಥೆ ಹೀಗಿದೆ. ಹಾಚಿಕೆನ್ ಅನ್ನುವ ಹುಡುಗ ಸಪ್ಪೋರೋ ಪಟ್ಟಣದವನು. ಪರೀಕ್ಷೆ, ರ‍್ಯಾಂಕು, ಅಪ್ಪನ ಮುಖ, ಇವುಗಳಿಂದ ಬೇಸತ್ತು ಮನೆಯಿಂದ ದೂರ ಇದ್ದರೆ ಸಾಕು ಅಂತ ಹಾಸ್ಟೆಲ್ ಇರುವ ಕೃಷಿ ಪ್ರೌಢಶಾಲೆಗೆ ಸೇರುತ್ತಾನೆ. ಅಲ್ಲಿರುವ ಮಕ್ಕಳೆಲ್ಲ ರೈತರ ಮನೆಯವರು. ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗುವುದು ಅವರಿಗೆ ಹಲ್ಲುಜ್ಜಿದಷ್ಟೇ ಸಹಜ. ಇವನಿಗೋ ಕೋಳಿಮೊಟ್ಟೆ ಎಲ್ಲಿಂದ ಬರುತ್ತದೆ ಎಂದು ಕಣ್ಣಾರೆ ಕಂಡಾಗ ತಿನ್ನುವುದಕ್ಕೇ ಆಗುವುದಿಲ್ಲ. ಓದಿನಲ್ಲಿ ಮುಂದೆ, ಮಿಕ್ಕ ಎಲ್ಲದರಲ್ಲೂ ಹಿಂದೆ. ಆಮೇಲೆ ಒಂದು ಹಂದಿಮರಿ ಬರುತ್ತದೆ, ಮರಿಗಳಲ್ಲೆಲ್ಲ ಚಿಕ್ಕದು, ಮೊಲೆಗೆ ಬಾಯಿ ಹಾಕುವುದಕ್ಕೂ ಒದ್ದಾಡುವಂಥದ್ದು. ಹಾಚಿಕೆನ್ ಅದಕ್ಕೆ ಹೆಸರಿಡುತ್ತಾನೆ. ಸಾಕಿದ್ದು ಮಾಂಸಕ್ಕೆ ಹೋಗುತ್ತದೆ, ಹೆಸರಿಡಬೇಡ ಅಂತ ಎಲ್ಲರೂ ಹೇಳಿದರೂ ಇಡುತ್ತಾನೆ. 'ಬುತಾದೋನ್', ಅಂದರೆ ಅನ್ನದ ಮೇಲೆ ಹಂದಿಮಾಂಸ ಹಾಕಿ ಕೊಡುವ ಊಟದ ಹೆಸರು. ಆ ಮರಿಯ ಕಥೆಯನ್ನು ಅರಾಕಾವಾ ಎಲ್ಲಿಯೂ ಸಿಹಿ ಮಾಡುವುದಿಲ್ಲ. ಹುಡುಗನನ್ನು ಕೊನೆಯವರೆಗೂ ಅದರ ಜೊತೆಗೇ ನಡೆಸುತ್ತಾರೆ. ನೀವು ಸಸ್ಯಾಹಾರಿಯಾಗಿದ್ದರೆ ಕೆಲವು ಪುಟಗಳು ಕಷ್ಟವಾಗಬಹುದು, ಮೊದಲೇ ಹೇಳಿಬಿಡುತ್ತೇನೆ. ಕೋಳಿ ಕೊಯ್ಯುವ ದೃಶ್ಯ ಶುರುವಿನಲ್ಲೇ ಇದೆ.

ನಾನು ಇದನ್ನು ಇಷ್ಟು ಹಚ್ಚಿಕೊಳ್ಳಲು ಕಾರಣ ನಮ್ಮ ಮನೆ. ತಿಪಟೂರಿನ ಹತ್ತಿರ ನಮ್ಮೂರು. ನಾನು ಪಿಯುಸಿ ಮುಗಿಸುವವರೆಗೂ ಮನೆಯಲ್ಲಿ ಎರಡು ಸೀಮೆಹಸು ಇದ್ದವು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಬರುವುದು ನನ್ನ ಕೆಲಸ. ಗಂಡು ಕರು ಹುಟ್ಟಿದ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಯಾಕೆ ಅಂತ ನನಗೆ ಹೇಳಿದವರೂ ಇಲ್ಲ, ನಾನು ಕೇಳಿದ್ದೂ ಇಲ್ಲ. ಆಮೇಲೆ ಅಪ್ಪನಿಗೆ ಸೊಂಟ ಹಿಡಿಯಿತು, ಹಿಂಡಿ ಬೂಸಾದ ರೇಟು ಏರಿತು, ಹಸುಗಳನ್ನು ಕೊಟ್ಟುಬಿಟ್ಟೆವು. ಖಾಲಿ ಕೊಟ್ಟಿಗೆಯಲ್ಲಿ ಅಮ್ಮ ಒಂದು ವಾರ ಸುಮ್ಮನೆ ಕಸ ಗುಡಿಸುತ್ತಿದ್ದಳು. 'ಸಿಲ್ವರ್ ಸ್ಪೂನ್'ನಲ್ಲಿ ಕೊಮಾಬಾ ಅಂತ ಒಬ್ಬ ಹುಡುಗನಿದ್ದಾನೆ, ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಆಡುವವನು. ಅವನ ಮನೆಯ ಹೈನುಗಾರಿಕೆ ಸಾಲದಲ್ಲಿ ಮುಳುಗಿ ಹಸುಗಳು ಹೋಗುತ್ತವೆ, ಅವನು ಶಾಲೆ ಬಿಡುತ್ತಾನೆ. ಅವರ ಸಾಲಕ್ಕೆ ಜಾಮೀನು ನಿಂತಿದ್ದ ಗೆಳತಿಯ ಮನೆಗೂ ಅದರ ಬಿಸಿ ತಟ್ಟುತ್ತದೆ. ಜಾಮೀನು ಹಾಕಿ ಕೆಟ್ಟ ಮನೆಗಳನ್ನು ನಾವೂ ನೋಡಿದವರಲ್ಲವೇ? ಆ ಪುಟಗಳನ್ನು ಓದಿದ ರಾತ್ರಿ ನಾನು ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ನಮ್ಮ ಗೌರಿಯ ಬಗ್ಗೆ ತುಂಬಾ ಹೊತ್ತು ಮಾತಾಡಿದೆ. ಗೌರಿ ನಮ್ಮ ದೊಡ್ಡ ಹಸುವಿನ ಹೆಸರು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಪುಸ್ತಕ ಒಯ್ದಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಹಾಲು ಕರೆಯುವ ಪುಟ ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಕೆಚ್ಚಲು ಸರಿಯಾಗಿ ಬರ್ದವ್ಳೆ ಕಣೋ, ಇವ್ಳು ಹಾಲ್ ಕರ್ದಿರೋಳೇ" ಅಂದಳು. ಅದು ನಿಜ! ಅರಾಕಾವಾ ಜಪಾನಿನ ಉತ್ತರದ ಹೊಕ್ಕೈಡೋ ದ್ವೀಪದ ಹೈನುಗಾರರ ಮಗಳು. ಚಿತ್ರ ಬರೆಯಲು ತೋಕಿಯೋಗೆ ಹೋಗುವ ಮುಂಚೆ ಏಳು ವರ್ಷ ಮನೆಯ ಹಸುಗಳ ಜೊತೆಯೇ ಕೆಲಸ ಮಾಡಿದವರು. ಪುಸ್ತಕಗಳಲ್ಲಿ ತಮ್ಮ ಚಿತ್ರ ಹಾಕಬೇಕಾದಲ್ಲೆಲ್ಲ ಕನ್ನಡಕ ಹಾಕಿದ ಒಂದು ಹಸುವನ್ನು ಬರೆಯುತ್ತಾರೆ.

ಎರಡನೆಯದು 'ಯೊತ್ಸುಬಾ'. ಕಿಯೋಹಿಕೊ ಅಜುಮಾ 2003ರಲ್ಲಿ ಶುರು ಮಾಡಿದ್ದು, ಇನ್ನೂ ನಡೆಯುತ್ತಿದೆ. ಹಾಗಂತ ಹೆದರಬೇಡಿ, ಸಂಪುಟಗಳು ವರ್ಷಗಟ್ಟಲೆ ಬಿಡುವು ಕೊಟ್ಟು ಬರುತ್ತವೆ, ಎಲ್ಲಿ ನಿಲ್ಲಿಸಿದರೂ ಏನೂ ಕಳೆದುಹೋಗುವುದಿಲ್ಲ. ಐದು ವರ್ಷದ ಹುಡುಗಿ ಯೊತ್ಸುಬಾ ತನ್ನ ಸಾಕುತಂದೆಯ ಜೊತೆ ಹೊಸ ಊರಿಗೆ ಬರುತ್ತಾಳೆ. ಪಕ್ಕದ ಮನೆಯಲ್ಲಿ ಮೂವರು ಅಕ್ಕತಂಗಿಯರು. ಅಷ್ಟೇ ಕಥೆ. ಒಂದು ಅಧ್ಯಾಯದಲ್ಲಿ ಜೀರುಂಡೆ ಹಿಡಿಯಲು ಹೋಗುತ್ತಾರೆ. ಇನ್ನೊಂದರಲ್ಲಿ ಮಳೆ ಬರುತ್ತದೆ. ಎಸಿಯಿಂದ ಭೂಮಿ ಬಿಸಿಯಾಗುತ್ತದೆ ಅಂತ ಯಾರೋ ಹೇಳಿದ್ದನ್ನು ಕೇಳಿ ಈ ಮಗು ಎಸಿ ಅಂದರೆ ಶತ್ರು ಅಂತಲೇ ನಂಬಿಬಿಡುತ್ತದೆ.

ಇದರಲ್ಲಿ ಏನಿದೆ ಅಂತ ನೀವು ಕೇಳಬಹುದು. ಅಜುಮಾ ಮನೆಗಳನ್ನು, ಬೀದಿಯನ್ನು, ಅಂಗಡಿಯ ಕಪಾಟನ್ನು ಒಂದೊಂದು ಗೆರೆಯೂ ಬಿಡದೆ ಬರೆಯುತ್ತಾರೆ. ಆ ನಿಜವಾದ ಬೀದಿಯಲ್ಲಿ ಈ ಹುಡುಗಿಯ ದುಂಡು ಮುಖ, ನಾಲ್ಕು ಜುಟ್ಟು ಓಡಾಡುತ್ತವೆ. ನೋಡುತ್ತಾ ಹೋದ ಹಾಗೆ ನಮ್ಮದೇ ಬೀದಿ ಹೊಸದಾಗಿ ಕಾಣುತ್ತದೆ. ನನಗೆ ತೀರಾ ಇಷ್ಟವಾದದ್ದು ರಟ್ಟಿನ ರೋಬೋ. ಪಕ್ಕದ ಮನೆಯ ಏನಾ ಮತ್ತು ಅವಳ ಗೆಳತಿ ಮಿಯುರಾ ರಜೆಯ ಹೋಂವರ್ಕಿಗೆ ಅಂತ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ವೇಷ ಮಾಡಿರುತ್ತಾರೆ. ಒಳಗೆ ಮಿಯುರಾ ಇರುವಾಗ ಯೊತ್ಸುಬಾ ಬಂದು ಅದು ನಿಜವಾದ ರೋಬೋ ಅಂದುಕೊಳ್ಳುತ್ತಾಳೆ. ಆ ಕ್ಷಣದಲ್ಲಿ ಇಬ್ಬರು ಹುಡುಗಿಯರೂ ಮಗುವಿನ ಮುಖ ನೋಡುತ್ತಾರೆ, ನಿಜ ಹೇಳಲು ಇಬ್ಬರಿಗೂ ಬಾಯಿ ಬರುವುದಿಲ್ಲ. ಹಬ್ಬದಲ್ಲಿ ಅಜ್ಜನ ಕೈ ಹಿಡಿದು ನಿಂತು ಹುಲಿವೇಷ ಕಂಡು ನಡುಗಿದ ಮಗುವಿಗೆ "ಒಳಗೆ ಮನುಷ್ಯ ಇದ್ದಾನೆ" ಅಂತ ಹೇಳದೆ ಸುಮ್ಮನಿದ್ದ ದೊಡ್ಡವರೆಲ್ಲ ನನಗೆ ಅಲ್ಲಿ ನೆನಪಾದರು.

ಇಪ್ಪತ್ತು ವರ್ಷ ದಾಟಿ ಬರೆದರೂ ಕಥೆಯೊಳಗೆ ಒಂದು ವರ್ಷವೂ ಪೂರ್ತಿ ಆಗಿಲ್ಲ. ಹದಿನೈದನೆಯ ಸಂಪುಟದ ಕೊನೆಗೆ ಶಾಲೆಗೆ ಹಾಕಿಕೊಂಡು ಹೋಗುವ ಬ್ಯಾಗು ಕೊಳ್ಳುತ್ತಾರೆ. ಅಲ್ಲಿಯವರೆಗೆ ಬರೀ ನಕ್ಕವನಿಗೆ ಆ ಅಧ್ಯಾಯದಲ್ಲಿ ಅಪ್ಪನ ಮುಖ ನೋಡಿ ಗಂಟಲು ಕಟ್ಟಿತು.

ಇವೆರಡರ ನಂತರ, ಮನಸ್ಸು ಸ್ವಲ್ಪ ಗಟ್ಟಿ ಇರುವ ದಿನ, ಫುಮಿಯೊ ಕೌನೊ ಅವರ 'ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್' ಓದಿ. ಇಂಗ್ಲಿಷಿನಲ್ಲಿ ಒಂದೇ ದಪ್ಪ ಪುಸ್ತಕವಾಗಿ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲ. ಹಿರೋಷಿಮಾದ ಹುಡುಗಿ ಸುಜು ಮದುವೆಯಾಗಿ ಹತ್ತಿರದ ಕುರೆ ಎಂಬ ನೌಕಾಪಡೆಯ ಬಂದರಿಗೆ ಬರುತ್ತಾಳೆ. ಹಿರೋಷಿಮಾ ಅಂದ ಕೂಡಲೇ ಓದುವ ನಮಗೆ ಮುಂದೇನು ಅಂತ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳ ಚಿಂತೆ ಎಲ್ಲಾ ಅತ್ತೆಯ ಮನೆ, ನಾದಿನಿಯ ಮಾತು, ರೇಷನ್ನಿನ ಅಕ್ಕಿ. ಅಕ್ಕಿ ಸಾಲದಾದಾಗ ಅದನ್ನು ಹುರಿದು, ನೀರಲ್ಲಿ ಉಬ್ಬಿಸಿ, ಹೆಚ್ಚು ಅನ್ನ ಆಗುವ ಹಾಗೆ ಬೇಯಿಸುವ ಒಂದು ಅಧ್ಯಾಯವಿದೆ. ಬೇಲಿಸಾಲಿನ ಸೊಪ್ಪು ಕಿತ್ತು ಪಲ್ಯ ಮಾಡಿ ಮನೆ ತೂಗಿಸಿದ ಹೆಂಗಸರನ್ನು ಬಲ್ಲ ಯಾರಿಗಾದರೂ ಆ ಅಡುಗೆಮನೆ ಗುರುತು ಸಿಗುತ್ತದೆ. ಸುಜುಗೆ ಚಿತ್ರ ಬರೆಯುವ ಹುಚ್ಚು. ಒಂದು ಘಟನೆಯ ನಂತರ ಪುಸ್ತಕದ ಹಿನ್ನೆಲೆಯ ಗೆರೆಗಳೇ ಸೊಟ್ಟಸೊಟ್ಟಗಾಗುತ್ತವೆ. ಅದು ಯಾಕೆ ಅಂತ ನೀವೇ ಓದಿ ತಿಳಿಯಬೇಕು. ಚಿತ್ರಕಥೆಯಲ್ಲಿ ಮಾತ್ರ ಸಾಧ್ಯವಾಗುವ ಮಾತು ಅದು.

ಒಸಾಮು ತೆಜುಕಾ ಹೆಸರು ಕೇಳಿರಬಹುದು. ಅವರ 'ಬುದ್ಧ' (1972ರಿಂದ 1983) ನಮ್ಮ ದೇಶದಲ್ಲೂ ಅಚ್ಚಾಗಿದೆ, ಎಂಟು ಸಂಪುಟ. ಅಮರ ಚಿತ್ರಕಥೆಯ ಬುದ್ಧನನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮೊದಲ ಸಂಪುಟದಲ್ಲಿ ಗಾಬರಿಯಾಗುತ್ತದೆ, ಏಕೆಂದರೆ ಸಿದ್ಧಾರ್ಥ ಅಲ್ಲಿ ಇನ್ನೂ ಹುಟ್ಟುತ್ತಿದ್ದಾನೆ ಅಷ್ಟೇ. ಪುಟಗಳನ್ನೆಲ್ಲ ತುಂಬಿರುವವರು ಚಪ್ರ ಎಂಬ ಗುಲಾಮ ಹುಡುಗ, ಮತ್ತು ಪ್ರಾಣಿಗಳ ಮೈಯೊಳಗೆ ಸೇರಿಕೊಳ್ಳಬಲ್ಲ ತತ್ತ ಎಂಬ ಹೊಲೆಗೇರಿಯ ಮಗು. ಇಬ್ಬರೂ ತೆಜುಕಾ ಕಟ್ಟಿದ ಪಾತ್ರಗಳು. ಜಾತಿಯ ಕ್ರೌರ್ಯದಿಂದಲೇ ಕಥೆ ಶುರು ಮಾಡಬೇಕು ಅಂತ ದೂರದ ಜಪಾನಿನಲ್ಲಿ ಕೂತವರಿಗೆ ಹೊಳೆಯಿತಲ್ಲ, ಅದಕ್ಕೆ ನನ್ನ ನಮಸ್ಕಾರ. ರಕ್ತಪಾತ ಇದೆ, ನಡುನಡುವೆ ಒರಟು ಹಾಸ್ಯವೂ ಇದೆ. ಎಲ್ಲರಿಗೂ ಹಿಡಿಸುತ್ತದೆ ಅಂತ ಹೇಳಲಾರೆ. ಬಾಹ್ಯಾಕಾಶ ಇಷ್ಟವಿದ್ದರೆ ಮಕೊಟೊ ಯುಕಿಮುರಾ ಅವರ 'ಪ್ಲಾನೆಟೀಸ್' ನೋಡಿ. ಮೂಲದಲ್ಲಿ ನಾಲ್ಕೇ ಸಂಪುಟ, ಭೂಮಿಯ ಸುತ್ತ ತೇಲುವ ಹಳೆಯ ಉಪಗ್ರಹಗಳ ಚೂರುಗಳನ್ನು ಆಯುವ ಕಸದ ಕೆಲಸಗಾರರ ಕಥೆ.

ವೆಬ್‌ಕಾಮಿಕ್‌ಗಳಲ್ಲಿ ನಾನು ಓದುವುದು ಕಡಿಮೆ, ಓದಿದ್ದನ್ನು ಮಾತ್ರ ಬಿಡುವುದಿಲ್ಲ. ಆಫೀಸಿನಲ್ಲಿ ದಿನ ಕಳೆಯುವ ನಿಮಗೆ 'ಯೂಮೀಸ್ ಸೆಲ್ಸ್' ಹಿಡಿಸುತ್ತದೆ ಅನ್ನಿಸುತ್ತದೆ. ಕೊರಿಯಾದ ಲೀ ದೊಂಗ್-ಗುನ್ ಬರೆದದ್ದು, 2015ರಿಂದ 2020ರವರೆಗೆ ನಡೆದು ಮುಗಿದಿದೆ. ಯೂಮಿ ಒಬ್ಬಳು ಸಾಧಾರಣ ಉದ್ಯೋಗಿ. ಅವಳ ತಲೆಯೊಳಗೆ ಒಂದು ಊರೇ ಇದೆ, ಅಲ್ಲಿ ಹಸಿವಿನ ಕೋಶ, ವಿವೇಕದ ಕೋಶ, ಪ್ರೀತಿಯ ಕೋಶ ಅಂತ ಪುಟ್ಟ ಪುಟ್ಟ ಜನ. ಹಳೆಯ ಪ್ರೇಮ ಮುರಿದ ಮೇಲೆ ಪ್ರೀತಿಯ ಕೋಶ ಪ್ರಜ್ಞೆ ತಪ್ಪಿ ಮಲಗಿಬಿಟ್ಟಿದೆ. ಐನೂರು ಕಂತು ದಾಟುತ್ತದೆ ಅಂತ ಬೆಚ್ಚಬೇಡಿ, ಒಂದೊಂದು ಕಂತು ಐದು ನಿಮಿಷದ್ದು. ವೆಬ್‌ಟೂನ್ ಆ್ಯಪಿನಲ್ಲಿ ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಓದುವುದು. ಈ ಕೊರಿಯದವರು ಪುಟ ಎಂಬುದನ್ನೇ ಬಿಟ್ಟು ಫೋನಿಗೆ ಹೊಂದುವ ಹಾಗೆ ಚಿತ್ರ ಕಟ್ಟಿದರು. ಎರಡು ಚಿತ್ರಗಳ ನಡುವೆ ಖಾಲಿ ಜಾಗ ಉದ್ದವಾದಷ್ಟೂ ನಮ್ಮ ಹೆಬ್ಬೆರಳು ಕಾಯುತ್ತದೆ, ಆ ಕಾಯುವಿಕೆಯೇ ಕಥೆಯ ಮೌನ.

'ಎಕ್ಸ್‌ಕೆಸಿಡಿ' ನಿಮ್ಮ ಆಫೀಸಿನ ಹುಡುಗರಿಗೆ ಗೊತ್ತಿರುತ್ತದೆ. ಕಡ್ಡಿ ಮನುಷ್ಯರ ಚಿತ್ರ, ವಿಜ್ಞಾನದ ತಮಾಷೆ. ಅದರಲ್ಲಿ 1190ನೆಯ ಸಂಖ್ಯೆಯ 'ಟೈಮ್' ಎಂಬುದನ್ನು ಹುಡುಕಿ. 2013ರ ಮಾರ್ಚಿನಲ್ಲಿ ಅದನ್ನು ಬರೆಯುವ ರ‍್ಯಾಂಡಲ್ ಮನ್ರೋ ಒಂದು ಚಿತ್ರ ಹಾಕಿದರು, ಸಮುದ್ರದ ದಡದಲ್ಲಿ ಇಬ್ಬರು. ಮೊದಲು ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಆ ಚಿತ್ರ ಬದಲಾಗುತ್ತಾ ಹೋಯಿತು. ನಾಲ್ಕು ತಿಂಗಳಲ್ಲಿ 3,099 ಚಿತ್ರಗಳು. ಇಬ್ಬರೂ ಮರಳಿನ ಗೂಡು ಕಟ್ಟುತ್ತಾರೆ, ನೀರು ಮೇಲೇರುತ್ತಿದೆ, ಯಾಕೆ ಅಂತ ನೋಡಲು ಹೊರಡುತ್ತಾರೆ. ಈಗ ಎಲ್ಲವನ್ನೂ ಒಟ್ಟಿಗೆ ಓಡಿಸಿ ನೋಡಬಹುದು. ವಿಜ್ಞಾನಕಥೆಗಳಿಗೆ ಕೊಡುವ 2014ರ ಹ್ಯೂಗೋ ಪ್ರಶಸ್ತಿ ಅದಕ್ಕೆ ಬಂತು.

ಮನೆಯಲ್ಲಿ ಮಕ್ಕಳಿದ್ದರೆ ಫ್ರಾನ್ಸಿನ ಡೇವಿಡ್ ರೆವ್ವಾ ಅವರ 'ಪೆಪ್ಪರ್ ಅಂಡ್ ಕ್ಯಾರಟ್' ತೋರಿಸಿ, ಪುಟ್ಟ ಮಾಟಗಾತಿ ಮತ್ತು ಅವಳ ಬೆಕ್ಕು. ಪೂರ್ತಿ ಉಚಿತ. ಬರೆದವರ ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು, ಅಚ್ಚು ಹಾಕಬಹುದು ಅಂತ ಕಲಾವಿದರೇ ಅನುಮತಿ ಕೊಟ್ಟಿದ್ದಾರೆ. ನಾನು ಮಗಳಿಗೆ ಚಿತ್ರ ತೋರಿಸುತ್ತಾ ಕನ್ನಡದಲ್ಲೇ ಹೇಳುತ್ತೇನೆ. ನಮ್ಮ ದೇಶದ್ದು ಬೇಕೆಂದರೆ ನಾಗಪುರದ ರೋಹನ್ ಚಕ್ರವರ್ತಿ ಅವರ 'ಗ್ರೀನ್ ಹ್ಯೂಮರ್'. ದಂತವೈದ್ಯಕೀಯ ಓದಿದವರು ಕಪ್ಪೆ, ಹಕ್ಕಿ, ಹಾವುಗಳ ವ್ಯಂಗ್ಯಚಿತ್ರ ಬರೆಯುವ ಕಡೆ ತಿರುಗಿದರು.

ಓದುವ ರೀತಿ ಒಂದು ಹೇಳಬೇಕು. ಹೆಚ್ಚಿನ ಮಂಗಾ ಪುಸ್ತಕಗಳನ್ನು ನಮಗೆ ಹಿಂಬದಿ ಅನ್ನಿಸುವ ಕಡೆಯಿಂದ ತೆರೆಯಬೇಕು, ಪ್ರತಿ ಪುಟವನ್ನೂ ಬಲದಿಂದ ಎಡಕ್ಕೆ ಓದಬೇಕು. ಮೊದಲ ಇಪ್ಪತ್ತು ಪುಟ ತಡವರಿಸುತ್ತದೆ, ಆಮೇಲೆ ಕಣ್ಣು ತಾನೇ ಕಲಿಯುತ್ತದೆ. ಮಾತಿನ ಗುಳ್ಳೆಗಳನ್ನಷ್ಟೇ ಓದಿ ಪುಟ ತಿರುಗಿಸಬೇಡಿ, ಮಾತಿಲ್ಲದ ಚೌಕಗಳಲ್ಲಿ ನಿಲ್ಲಿ. ಕಳ್ಳ ಸೈಟುಗಳಲ್ಲಿ ಎಲ್ಲವೂ ಸಿಗುತ್ತದೆ, ದಯವಿಟ್ಟು ಬೇಡ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿ ಬ್ಲಾಸಮ್‌ನಲ್ಲಿ ಒಮ್ಮೆ ಹುಡುಕಿ, ಹಳೆಯ ಪ್ರತಿ ಸಿಕ್ಕರೆ ಅದೃಷ್ಟ.

ಈ ವಾರವೇ ಶುರು ಮಾಡುವುದಾದರೆ 'ಯೊತ್ಸುಬಾ' ಮೊದಲ ಸಂಪುಟ ತನ್ನಿ, ಅದರ ಕೊನೆಯ ಅಧ್ಯಾಯ ಮಳೆಯದ್ದು. ಅದು ಹಿಡಿಸಿದರೆ ಉಳಿದ ಸಂಪುಟಗಳನ್ನು ಅವಸರವಿಲ್ಲದೆ ಓದಿ. ಹಿಡಿಸದಿದ್ದರೆ ನೇರ 'ಸಿಲ್ವರ್ ಸ್ಪೂನ್'ಗೆ ಹೋಗಿ, ಮತ್ತು ಬುತಾದೋನ್ ಬರುವವರೆಗಾದರೂ ಬಿಡಬೇಡಿ.