ಕನಕಾಂಬರದ ದರ ಸಾವಿರ ದಾಟಿದಾಗ ಆ್ಯಪ್ ಏಕೆ ನಿಂತಿತು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಅಂಗಡಿಯಿದೆ. ನಾನು ವಾಣಿಜ್ಯ ಪದವೀಧರೆ. ಎಂಟು ತಿಂಗಳಿಂದ ಬಿಡುವಿನ ವೇಳೆಯಲ್ಲಿ ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದು, ಬೆಳಗಿನ ದರಗಳನ್ನು ಬಿಡಿ ವ್ಯಾಪಾರಿಗಳು ಫೋನಿನಲ್ಲೇ ನೋಡಿಕೊಳ್ಳಲೆಂದು ಒಂದು ಚಿಕ್ಕ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ದರಗಳನ್ನು ನನ್ನ ತಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ತುಂಬುತ್ತಾನೆ. ಅವನೇ ಬರೆದ ಸ್ಕ್ರಿಪ್ಟ್ ಅವುಗಳನ್ನು ಜೇಸನ್ ಎಂಬ ಪಠ್ಯರೂಪದಲ್ಲಿ ಕಳುಹಿಸುತ್ತದೆ. ಎರಡು ತಿಂಗಳು ಚೆನ್ನಾಗಿ ನಡೆದ ಆ್ಯಪ್ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ತೆರೆದ ಕೂಡಲೇ ಮುಚ್ಚಿಹೋಗತೊಡಗಿತು. ಹೆಸರು ಸ್ಟ್ರಿಂಗ್ (ಪಠ್ಯ) ಆಗಿರಬೇಕು, ಆದರೆ 200 ಎಂಬುದು ಪೂರ್ಣಾಂಕವಾಗಿದೆ ಎಂಬ ಅರ್ಥದ ದೋಷಸಂದೇಶ, ಆ್ಯಪ್‌ನ ದಾಖಲೆ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ಬರುತ್ತಿದೆ. ಅಂದಿನ ಪಟ್ಟಿಯಲ್ಲಿ ಯಾವ ಹೂವಿಗೂ 200 ರೂಪಾಯಿ ದರವಿರಲಿಲ್ಲ. ದೋಷವನ್ನು ಹಿಡಿದುಕೊಳ್ಳುವ ಟ್ರೈ-ಕ್ಯಾಚ್ ಹಾಕಿದರೆ ಆ್ಯಪ್ ಮುಚ್ಚುವುದಿಲ್ಲ, ಆದರೆ ಪಟ್ಟಿಯೇ ಖಾಲಿ. ನಾನು ಉಳಿದುಕೊಂಡಿರುವ ಪಿ.ಜಿ.ಯ ವೈಫೈನಲ್ಲಿ ಕೆಲವೊಮ್ಮೆ ಡಾಕ್‌ಟೈಪ್ ಎಂಬ ಪದವಿರುವ ಬೇರೊಂದು ಸಂದೇಶವೂ ಬರುತ್ತದೆ. ತಪ್ಪು ಎಲ್ಲಿದೆ?

ಉತ್ತರ: ದೋಷಸಂದೇಶವನ್ನು ನೀವು ಪೂರ್ತಿಯಾಗಿ ಓದಿ ಅದರಲ್ಲಿರುವ ಸಂಖ್ಯೆಯನ್ನೂ ಬರೆದು ಕಳುಹಿಸಿದ್ದರಿಂದ ತಪ್ಪಿನ ಜಾಗವನ್ನು ಬಹುಮಟ್ಟಿಗೆ ನೀವೇ ತೋರಿಸಿಕೊಟ್ಟಂತಾಗಿದೆ. ಹಬ್ಬದ ಹಿಂದಿನ ದಿನ ನಿಮ್ಮ ಪಟ್ಟಿಯಲ್ಲಿ ಯಾವುದಾದರೂ ಹೂವಿನ ದರ 1,200 ಆಗಿತ್ತೇ ಎಂದು ತಮ್ಮನನ್ನು ಕೇಳಿ ನೋಡಿ. ಆಗಿತ್ತೆಂದೇ ನನ್ನ ಊಹೆ, ಮತ್ತು ಬಹುಶಃ ಅದು ಕನಕಾಂಬರ. ಸರ್ವರ್‌ನಿಂದ ಬಂದ ಸಾಲು ಹೀಗಿದ್ದಿರಬೇಕು:

{"ಹೂವು": "ಕನಕಾಂಬರ", "ದರ": 1,200, "ಅಳತೆ": "ಕೆ.ಜಿ."}

ನಮ್ಮ ಕಣ್ಣಿಗೆ ಇದು ಸಾವಿರದ ಇನ್ನೂರು. ಜೇಸನ್ ವ್ಯಾಕರಣದಲ್ಲಿ ಮಾತ್ರ ಸಂಖ್ಯೆಯೊಳಗೆ ಅಲ್ಪವಿರಾಮಕ್ಕೆ ಸ್ಥಾನವೇ ಇಲ್ಲ. ಅಲ್ಪವಿರಾಮವು ಒಂದು ಜೋಡಿ ಮುಗಿದು ಇನ್ನೊಂದು ಜೋಡಿ ಆರಂಭವಾಗುವುದನ್ನು ಸೂಚಿಸುವ ಚಿಹ್ನೆ. ಆದ್ದರಿಂದ ಜೇಸನ್ ಪಠ್ಯವನ್ನು ಓದಿ ಬಿಡಿಸುವ ಪಾರ್ಸರ್, ದರ ಎಂಬ ಕೀಗೆ (ಜೋಡಿಯ ಹೆಸರಿಗೆ) 1 ಎಂಬ ಬೆಲೆಯನ್ನು (ವ್ಯಾಲ್ಯೂ) ಕೊಟ್ಟು, ಅಲ್ಪವಿರಾಮವನ್ನು ದಾಟಿ, ಮುಂದಿನ ಕೀಯ ಹೆಸರನ್ನು ನಿರೀಕ್ಷಿಸುತ್ತದೆ. ಅಲ್ಲಿ ಅದಕ್ಕೆ ಸಿಗುವುದು 200. ಪಟ್ಟಿಯಲ್ಲಿಲ್ಲದ ಸಂಖ್ಯೆ ಸಂದೇಶದಲ್ಲಿ ಕಾಣಿಸಿಕೊಂಡದ್ದು ಹೀಗೆ. ದರಗಳು ಸಾವಿರ ಮುಟ್ಟದೆ ಇದ್ದ ಎರಡು ತಿಂಗಳಲ್ಲಿ ಸ್ಪ್ರೆಡ್‌ಶೀಟ್‌ಗೆ ಅಲ್ಪವಿರಾಮ ಹಾಕುವ ಸಂದರ್ಭವೇ ಬರಲಿಲ್ಲ, ಆದ್ದರಿಂದ ಮೊದಲ ದಿನದಿಂದಲೂ ಇದ್ದ ತಪ್ಪು ಹಬ್ಬದ ಮಾರುಕಟ್ಟೆಯಲ್ಲಿ ಹೊರಬಿತ್ತು.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ನಿಮ್ಮ ತಮ್ಮ ಬರೆದ ಸ್ಕ್ರಿಪ್ಟ್ ಆವರಣ, ಉದ್ಧರಣ ಚಿಹ್ನೆ, ಅಲ್ಪವಿರಾಮಗಳನ್ನು ಕೈಯಿಂದಲೇ ಒಂದಕ್ಕೊಂದು ಅಂಟಿಸಿ ಜೇಸನ್ ತಯಾರಿಸುತ್ತಿದೆ. ಈ ಪದ್ಧತಿಯನ್ನು ಇಂದೇ ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂದು ಅಲ್ಪವಿರಾಮವನ್ನು ಸರಿಪಡಿಸಿದರೆ ನಾಳೆ ಯಾರಾದರೂ ಟಿಪ್ಪಣಿಯಲ್ಲಿ ಒಂದು ಉದ್ಧರಣ ಚಿಹ್ನೆಯನ್ನು ಬಳಸಿದ ಕೂಡಲೇ ಅದೇ ಕಥೆ ಮರುಕಳಿಸುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಜೇಸನ್ ಸ್ಟ್ರಿಂಗಿಫೈ, ಪಿಎಚ್‌ಪಿಯಲ್ಲಿ ಜೇಸನ್ ಎನ್‌ಕೋಡ್, ಪೈಥಾನ್‌ನಲ್ಲಿ ಜೇಸನ್ ಡಂಪ್ಸ್ ಎಂಬ ಸಿದ್ಧ ಫಂಕ್ಷನ್‌ಗಳಿವೆ. ಅವು ವ್ಯಾಕರಣವನ್ನು ತಾವೇ ಕಾಯುತ್ತವೆ. ಇದರ ಜೊತೆಗೆ ಸ್ಪ್ರೆಡ್‌ಶೀಟ್‌ನ ಕೋಶದಲ್ಲಿ ಕಣ್ಣಿಗೆ ಕಾಣುವ ಬರಹವೇ ಬೇರೆ, ಒಳಗಿರುವ ಬೆಲೆಯೇ ಬೇರೆ ಎಂಬುದನ್ನು ಗಮನಿಸಬೇಕು. ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಗೆಟ್ ಡಿಸ್‌ಪ್ಲೇ ವ್ಯಾಲ್ಯೂಸ್ ಎಂದು ಕೇಳಿದರೆ ಅಲ್ಪವಿರಾಮ ಸಹಿತವಾದ ಬರಹ ಬರುತ್ತದೆ, ಗೆಟ್ ವ್ಯಾಲ್ಯೂಸ್ ಎಂದು ಕೇಳಿದರೆ 1200 ಎಂಬ ಶುದ್ಧ ಸಂಖ್ಯೆ ಬರುತ್ತದೆ. ಸಿದ್ಧ ಫಂಕ್ಷನ್ ಬಳಸಿಯೂ ಕಾಣುವ ಬರಹವನ್ನೇ ಕಳುಹಿಸಿದಿರಾದರೆ ಜೇಸನ್ ಶುದ್ಧವಾಗಿರುತ್ತದೆ, ಆದರೆ ದರವು ಉದ್ಧರಣ ಚಿಹ್ನೆಗಳೊಳಗಿನ ಸ್ಟ್ರಿಂಗ್ ಆಗಿ ಬಂದು, ಅದನ್ನು ಪೂರ್ಣಾಂಕವಾಗಿ ಪರಿವರ್ತಿಸಲಾಗದು ಎಂಬ ಹೊಸ ದೂರು ಆರಂಭವಾಗುತ್ತದೆ.

ಬಂದ ಪಠ್ಯದಲ್ಲಿ ಅಲ್ಪವಿರಾಮಗಳನ್ನೆಲ್ಲ ಆ್ಯಪ್‌ನಲ್ಲಿಯೇ ಅಳಿಸಿಬಿಟ್ಟರೆ ಹೇಗೆ ಎಂಬ ಯೋಚನೆ ಹಲವರಿಗೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಜೋಡಿಗಳನ್ನು ಬೇರ್ಪಡಿಸುವ ಅಲ್ಪವಿರಾಮಗಳೂ ಅದರೊಂದಿಗೆ ಅಳಿಸಿಹೋಗಿ ಉಳಿದ ಪಠ್ಯವೂ ಕೆಡುತ್ತದೆ.

ಟ್ರೈ-ಕ್ಯಾಚ್ ಹಾಕಿದಾಗ ಪಟ್ಟಿ ಖಾಲಿಯಾದದ್ದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಜೇಸನ್ ತಪ್ಪುಗಳಲ್ಲಿ ಎರಡು ಬಗೆ. ಮೊದಲನೆಯದು ವ್ಯಾಕರಣದ ತಪ್ಪು. ಆವರಣ ಮುಚ್ಚದಿರುವುದು, ಪಟ್ಟಿಯ ಕೊನೆಯಲ್ಲಿ ಅನಗತ್ಯ ಅಲ್ಪವಿರಾಮ ಉಳಿಯುವುದು, ನಿಮ್ಮ 1,200 ಇವೆಲ್ಲ ಆ ಬಗೆಯವು. ಅಂಥ ತಪ್ಪು ಒಂದೇ ಕಡೆ ಇದ್ದರೂ ಸಾಮಾನ್ಯವಾಗಿ ಇಡೀ ಪಠ್ಯವನ್ನು ಓದಲು ಬರುವುದಿಲ್ಲ, ಮತ್ತು ಅದಕ್ಕೆ ಆ್ಯಪ್‌ನಲ್ಲಿ ಪರಿಹಾರವಿಲ್ಲ, ಕಳುಹಿಸುವವರ ಕಡೆಯೇ ಸರಿಯಾಗಬೇಕು. ಎರಡನೆಯದು ವ್ಯಾಕರಣ ಸರಿಯಿದ್ದು ಬೆಲೆ ಮಾತ್ರ ನಿರೀಕ್ಷೆಗಿಂತ ಬೇರೆಯಾಗಿರುವುದು. ಸಂಖ್ಯೆಯ ಜಾಗದಲ್ಲಿ ಸ್ಟ್ರಿಂಗ್ ಇರುವುದು, ಕೀಯೇ ಇಲ್ಲದಿರುವುದು ಈ ಬಗೆಗೆ ಸೇರುತ್ತವೆ. ಇಲ್ಲಿ ಟ್ರೈ-ಕ್ಯಾಚ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನು ಇಡೀ ಪಟ್ಟಿಯ ಸುತ್ತ ಹಾಕದೆ ಲೂಪಿನ ಒಳಗೆ, ಒಂದೊಂದು ಹೂವಿನ ಸುತ್ತ ಹಾಕಬೇಕು. ಹಾಗೆ ಮಾಡಿದರೆ ಸುಗಂಧರಾಜದ ದರ ಕೆಟ್ಟಿದ್ದರೂ ಸೇವಂತಿಗೆ, ಮಲ್ಲಿಗೆ, ಚೆಂಡು ಹೂವಿನ ದರಗಳು ವ್ಯಾಪಾರಿಗೆ ಸಿಗುತ್ತವೆ. ಕ್ಯಾಚ್ ಭಾಗವನ್ನು ಖಾಲಿ ಬಿಡದೆ, ಯಾವ ಹೂವಿನಲ್ಲಿ ಏನು ತಪ್ಪಾಯಿತೆಂಬುದನ್ನು ಲಾಗ್‌ನಲ್ಲಿ ಬರೆಯುವಂತೆ ಮಾಡಿ.

ಮಾಲು ಬಾರದ ದಿನ ನಿಮ್ಮ ತಮ್ಮ ಏನು ತುಂಬುತ್ತಾನೆ ಎಂಬುದನ್ನು ನೀವು ತಿಳಿಸಿಲ್ಲ, ಆದರೆ ನಿಮ್ಮ ಮುಂದಿನ ತೊಂದರೆ ಅಲ್ಲಿಂದಲೇ ಬರುವ ಸಾಧ್ಯತೆ ಹೆಚ್ಚು. ಕೋಶವನ್ನು ಖಾಲಿ ಬಿಟ್ಟು ಕೈಯಿಂದ ಅಂಟಿಸಿದ ಜೇಸನ್‌ನಲ್ಲಿ ಕೀಯ ನಂತರ ಬೆಲೆಯೇ ಇರುವುದಿಲ್ಲ, ಅದು ವ್ಯಾಕರಣದ ತಪ್ಪು. ಅಡ್ಡಗೆರೆ ಹಾಕಿದರೆ ಸಂಖ್ಯೆಯ ಜಾಗದಲ್ಲಿ ಸ್ಟ್ರಿಂಗ್ ಕೂರುತ್ತದೆ. ಸೊನ್ನೆ ಹಾಕುವುದು ಇವೆರಡಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಆ್ಯಪ್ ಯಾವ ದೋಷವನ್ನೂ ತೋರಿಸದೆ, ನಿಮ್ಮನ್ನು ನಂಬಿದ ವ್ಯಾಪಾರಿಗೆ ಸುಳ್ಳು ದರವನ್ನು ತೋರಿಸುತ್ತದೆ. ಬೆಲೆ ಇಲ್ಲ ಎಂಬುದನ್ನು ಹೇಳಲು ಜೇಸನ್‌ನಲ್ಲಿ ನಲ್ ಎಂಬ ಪದವೇ ಇದೆ, ಅದನ್ನು ಉದ್ಧರಣ ಚಿಹ್ನೆಯಿಲ್ಲದೆ ಬಳಸಬೇಕು. ಆ್ಯಪ್‌ನಲ್ಲಿ ಮೊದಲು ಈಸ್‌ನಲ್ ಎಂದು ಪರೀಕ್ಷಿಸಿ, ನಲ್ ಆಗಿದ್ದರೆ ‘ಇಂದು ಮಾಲು ಬಂದಿಲ್ಲ’ ಎಂದು ತೋರಿಸಿ, ಇಲ್ಲದಿದ್ದರೆ ಮಾತ್ರ ಸಂಖ್ಯೆಯನ್ನು ಪಡೆಯುವ ಗೆಟ್‌ಇಂಟ್ ಬಳಸಿ. ಆಪ್ಟ್‌ಇಂಟ್ ಸುಲಭವೆಂದು ತೋರಬಹುದು, ಆದರೆ ಬೆಲೆ ಸಿಗದಿದ್ದಾಗ ಅದು ತಾನಾಗಿಯೇ ಸೊನ್ನೆಯನ್ನು ಕೊಡುತ್ತದೆ. ಆಪ್ಟ್‌ಸ್ಟ್ರಿಂಗ್‌ನಲ್ಲಿ ಇನ್ನೂ ವಿಚಿತ್ರವಾದ ವರ್ತನೆಯಿದೆ: ಆಂಡ್ರಾಯ್ಡ್‌ನಲ್ಲಿ ಬೆಲೆ ನಲ್ ಆಗಿದ್ದರೆ ಅದು ಖಾಲಿ ಸ್ಟ್ರಿಂಗ್ ಕೊಡದೆ, ನಲ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳ ಸ್ಟ್ರಿಂಗನ್ನೇ ಕೊಡುತ್ತದೆ, ಹೂವಿನ ಹೆಸರಿನ ಜಾಗದಲ್ಲಿ ಆ ಪದ ಪರದೆಯ ಮೇಲೆ ಮೂಡುತ್ತದೆ.

ಅಳತೆಯನ್ನು ಪ್ರತ್ಯೇಕ ಕೀಯಲ್ಲೇ ಇಡಿ. ‘ಮಾರಿಗೆ 40’ ಎಂದು ದರದೊಳಗೇ ಬರೆದರೆ ಮಾರಿನ ಲೆಕ್ಕವನ್ನೂ ಕೆ.ಜಿ. ಲೆಕ್ಕವನ್ನೂ ಬೇರ್ಪಡಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಅಂಕಿಗಳನ್ನು ಕನ್ನಡದಲ್ಲಿ ತೋರಿಸುವ ಆಸೆಯಿದ್ದರೆ, ಅದು ಒಳ್ಳೆಯ ಆಸೆಯೇ, ಪರದೆಯ ಮೇಲೆ ಬರೆಯುವಾಗ ಪರಿವರ್ತಿಸಿಕೊಳ್ಳಿ. ಜೇಸನ್ ಸಂಖ್ಯೆಯಲ್ಲಿ 0ಯಿಂದ 9ರವರೆಗಿನ ಅಂಕಿಗಳಿಗೆ ಮಾತ್ರ ಅವಕಾಶವಿದೆ, ೧೨೦೦ ಎಂದು ಬರೆದರೆ ಅದು ಸಂಖ್ಯೆಯಾಗುವುದಿಲ್ಲ.

ಪಿ.ಜಿ.ಯ ವೈಫೈನಲ್ಲಿ ಬರುವ ಡಾಕ್‌ಟೈಪ್ ಸಂದೇಶಕ್ಕೂ ನಿಮ್ಮ ಜೇಸನ್‌ಗೂ ಸಂಬಂಧವಿಲ್ಲ. ಡಾಕ್‌ಟೈಪ್ ಎಂಬುದು ಎಚ್‌ಟಿಎಂಎಲ್ ಪುಟದ ಆರಂಭದ ಪದ. ಲಾಗಿನ್ ಆಗದ ಫೋನಿಗೆ ವೈಫೈ ತನ್ನ ಲಾಗಿನ್ ಪುಟವನ್ನು ಕೊಡುತ್ತಿದೆ, ಅಥವಾ ಸರ್ವರ್ ತನ್ನ ದೋಷಪುಟವನ್ನು ಕಳುಹಿಸುತ್ತಿದೆ, ನಿಮ್ಮ ಆ್ಯಪ್ ಅದನ್ನೇ ಜೇಸನ್ ಎಂದು ತಿಳಿದು ಓದಲು ಹೊರಟಿದೆ. ಪಾರ್ಸ್ ಮಾಡುವ ಮುನ್ನ ಉತ್ತರದ ಸ್ಥಿತಿಸಂಖ್ಯೆ 200 ಇದೆಯೇ, ಕಂಟೆಂಟ್ ಟೈಪ್ ಎಂಬ ಹೆಡರ್‌ನಲ್ಲಿ ಜೇಸನ್ ಎಂದಿದೆಯೇ ಎಂದು ನೋಡಬೇಕು. ಲಾಗಿನ್ ಪುಟವೂ 200 ಎಂಬ ಸ್ಥಿತಿಯೊಂದಿಗೇ ಬರಬಹುದಾದ್ದರಿಂದ ಎರಡನ್ನೂ ನೋಡುವುದು ಕ್ಷೇಮ.

ಇನ್ನು ಮುಂದೆ ಇಂಥ ತೊಂದರೆ ಬಂದಾಗ ಕೋಡ್ ತಿದ್ದುವುದಕ್ಕೆ ಮೊದಲು ಸರ್ವರ್ ನಿಜವಾಗಿ ಕಳುಹಿಸಿದ ಪಠ್ಯವನ್ನು ಕಣ್ಣಾರೆ ನೋಡಿ. ಸರ್ವರ್ ಏನು ಕಳುಹಿಸುತ್ತಿದೆ ಎಂದು ನಾವು ನಂಬಿರುತ್ತೇವೆಯೋ ಅದನ್ನೇ ಇಟ್ಟುಕೊಂಡು ದಿನಗಟ್ಟಲೆ ಕೋಡ್ ತಿದ್ದುವವರನ್ನು ನಾನು ಪ್ರತಿ ತಂಡದಲ್ಲೂ ಕಂಡಿದ್ದೇನೆ, ಅವರ ಶ್ರಮಕ್ಕಾಗಿ ಮರುಗಿದ್ದೇನೆ. ನೋಡುವಾಗ ಎರಡು ಎಚ್ಚರಿಕೆಗಳು ಬೇಕು. ಸರ್ವರ್‌ನಿಂದ ಮಾಹಿತಿ ತರುವ ಓಕೆಎಚ್‌ಟಿಟಿಪಿ ಲೈಬ್ರರಿ ಬಳಸುತ್ತಿದ್ದರೆ ಉತ್ತರದ ಬಾಡಿಯನ್ನು ಸ್ಟ್ರಿಂಗ್ ಆಗಿ ಒಮ್ಮೆ ಮಾತ್ರ ಓದಬಹುದು. ಲಾಗ್‌ಗೆಂದು ಒಮ್ಮೆ, ಪಾರ್ಸ್‌ಗೆಂದು ಇನ್ನೊಮ್ಮೆ ಓದಲು ಹೋದರೆ ಅದು ಮುಚ್ಚಿದೆ ಎಂಬ ದೋಷ ಬರುತ್ತದೆ, ಆದ್ದರಿಂದ ಒಮ್ಮೆ ಓದಿ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಲಾಗ್‌ಕ್ಯಾಟ್‌ನ ಒಂದು ನಮೂದಿಗೆ ಸುಮಾರು 4,000 ಬೈಟ್‌ಗಳ ಮಿತಿಯಿದೆ, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ ಕನ್ನಡ ಪಠ್ಯವಾದರೆ ಸುಮಾರು 1,300 ಸಂಕೇತಗಳಿಗೇ ಅದು ತುಂಬುತ್ತದೆ. ಪಠ್ಯ ಅರ್ಧಕ್ಕೆ ನಿಂತಂತೆ ಕಂಡರೆ ಸರ್ವರನ್ನು ದೂಷಿಸುವ ಮುನ್ನ ಲಾಗ್ ಅದನ್ನು ಕತ್ತರಿಸಿದೆಯೇ ಎಂದು ನೋಡಿ. ಆಂಡ್ರಾಯ್ಡ್‌ನ ಜೊತೆಗೇ ಬರುವ ಜೇಸನ್ ಪಾರ್ಸರ್ ಜೋಡಿ ಉದ್ಧರಣ ಚಿಹ್ನೆಯ ಬದಲು ಒಂಟಿ ಚಿಹ್ನೆ (') ಬಳಸುವಂಥ ಕೆಲವು ವ್ಯಾಕರಣದ ತಪ್ಪುಗಳನ್ನು ಸಹಿಸಿಕೊಳ್ಳುವುದರಿಂದ, ಅದೇ ಪಠ್ಯವನ್ನು ಕಂಪ್ಯೂಟರ್‌ನಲ್ಲಿ ಉಳಿಸಿ ಪೈಥಾನ್‌ನ ಜೇಸನ್ ಟೂಲ್‌ನಿಂದ ಪರೀಕ್ಷಿಸಿದರೆ ತಪ್ಪು ಯಾವ ಸಾಲಿನ ಎಷ್ಟನೆಯ ಅಕ್ಷರದಲ್ಲಿದೆ ಎಂಬುದು ಖಚಿತವಾಗಿ ತಿಳಿಯುತ್ತದೆ.

ಪ್ರಶ್ನೆ: ನಾನು ಬಸವನಗುಡಿಯ ನಿವೃತ್ತ ಶಿಕ್ಷಕ. ಮೊಮ್ಮಗನ ಜೊತೆ ಕಲಿಯುತ್ತಾ ಬಸ್ ನಿಲ್ದಾಣಗಳ ಕನ್ನಡ ಹೆಸರುಗಳ ಆ್ಯಪ್ ಮಾಡಿದ್ದೇನೆ. ಬಹುತೇಕ ಹೆಸರುಗಳು ಸರಿಯಾಗಿವೆ, ಆದರೆ ಅಲ್ಲಲ್ಲಿ ಪದದ ನಡುವೆ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರಾಕೃತಿ ಬರುತ್ತದೆ. ಪಟ್ಟಿಗೆ ಹೊಸ ಹೆಸರು ಸೇರಿಸಿದರೆ ಅದು ಬೇರೆ ಪದಕ್ಕೆ ಸರಿಯುತ್ತದೆ. ಸರ್ವರ್‌ನಿಂದ ಬರುವುದನ್ನು 1,024 ಬೈಟ್‌ಗಳ ತುಂಡುಗಳಾಗಿ ಓದಿ, ಪ್ರತಿ ತುಂಡನ್ನೂ ಸ್ಟ್ರಿಂಗ್ ಮಾಡಿ ಜೋಡಿಸುತ್ತಿದ್ದೇನೆ.

ಉತ್ತರ: ಮಾನ್ಯರೇ, ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಕಾರಣವಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಖಂಡವಿದ್ದು, ಅದರಲ್ಲಿನ ಪ್ರತಿಯೊಂದು ಸಂಕೇತವೂ ಅವುಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರೂಪದಲ್ಲಿ 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಯಶವಂತಪುರ ಎಂಬ ಪದದಲ್ಲಿ ಅನುಸ್ವಾರ ಮತ್ತು ಉಕಾರವೂ ಸೇರಿ 8 ಸಂಕೇತಗಳಿವೆ, ಅಂದರೆ 24 ಬೈಟ್‌ಗಳು. ನೀವು 1,024ನೆಯ ಬೈಟಿಗೆ ಕತ್ತರಿಸಿದಾಗ ಆ ಗಡಿ ಒಂದು ಅಕ್ಷರದ ಮೂರು ಬೈಟ್‌ಗಳ ನಡುವೆ ಬಿದ್ದರೆ, ಒಂದು ತುಂಡಿನ ಕೊನೆಯಲ್ಲೂ ಮುಂದಿನ ತುಂಡಿನ ಆರಂಭದಲ್ಲೂ ಮುರಿದ ಅಕ್ಷರ ಉಳಿದು ಆ ವಜ್ರಾಕೃತಿ ಮೂಡುತ್ತದೆ. ಹೊಸ ಹೆಸರು ಸೇರಿದಾಗ ಗಡಿಯ ಜಾಗ ಬದಲಾಗುವುದರಿಂದ ಚಿಹ್ನೆಯೂ ಸರಿಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕಾಗುವುದರಿಂದ, ಇಂಗ್ಲಿಷ್ ಮಾದರಿಗಳನ್ನು ನೋಡಿ ಕಲಿಯುವವರಿಗೆ ಈ ದೋಷ ಎಂದೂ ಕಾಣಿಸುವುದಿಲ್ಲ, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮೊದಲ ವಾರದಲ್ಲೇ ಎದುರಾಗುತ್ತದೆ. ಎಲ್ಲ ಬೈಟ್‌ಗಳನ್ನೂ ಸಂಗ್ರಹಿಸಿದ ಮೇಲೆ ಒಟ್ಟಿಗೆ ಸ್ಟ್ರಿಂಗ್ ಮಾಡಿ, ಅಥವಾ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿದ ಇನ್‌ಪುಟ್ ಸ್ಟ್ರೀಮ್ ರೀಡರ್ ಮೂಲಕ ಓದಿ.

ಅಲ್ಲೊಂದು ಇಲ್ಲೊಂದು ಅಕ್ಷರವಲ್ಲದೆ ಎಲ್ಲ ಕನ್ನಡವೂ ಯುರೋಪಿನ ವಿಚಿತ್ರ ಅಕ್ಷರಗಳಾಗಿ ಕಂಡರೆ ಕಾರಣ ಬೇರೆ. ಆಗ ಯುಟಿಎಫ್-8 ಬೈಟ್‌ಗಳನ್ನು ಬೇರೊಂದು ಸಂಕೇತಪದ್ಧತಿಯೆಂದು ತಿಳಿದು ಓದಲಾಗಿರುತ್ತದೆ. ಜಾಲದಿಂದ ಮಾಹಿತಿ ತರುವ ವಾಲಿ ಲೈಬ್ರರಿಯ ಸ್ಟ್ರಿಂಗ್ ರಿಕ್ವೆಸ್ಟ್, ಸರ್ವರ್ ತನ್ನ ಹೆಡರ್‌ನಲ್ಲಿ ಸಂಕೇತಪದ್ಧತಿಯನ್ನು ಹೇಳದಿದ್ದರೆ, ಪಶ್ಚಿಮ ಯುರೋಪಿನ ಭಾಷೆಗಳ ಐಎಸ್‌ಒ 8859-1 ಎಂದೇ ಭಾವಿಸುತ್ತದೆ. ಅದೇ ಲೈಬ್ರರಿಯ ಜೇಸನ್ ಆಬ್ಜೆಕ್ಟ್ ರಿಕ್ವೆಸ್ಟ್ ಯುಟಿಎಫ್-8 ಎಂದು ಭಾವಿಸುತ್ತದೆ. ತೆರೆದ ಜಾಲದಲ್ಲಿ ವಿನಿಮಯವಾಗುವ ಜೇಸನ್ ಯುಟಿಎಫ್-8ರಲ್ಲೇ ಇರಬೇಕೆಂದು 2017ರ ಆರ್‌ಎಫ್‌ಸಿ 8259 ಎಂಬ ಮಾನಕ ದಾಖಲೆ ಹೇಳುತ್ತದೆ, ಆದ್ದರಿಂದ ಸಂದೇಹ ಬಂದಲ್ಲೆಲ್ಲ ಅದನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಆಂಡ್ರಾಯ್ಡ್ ಸ್ಟುಡಿಯೊದಿಂದ ನೇರವಾಗಿ ಓಡಿಸಿದಾಗ ನನ್ನ ಆ್ಯಪ್ ಸರಿಯಾಗಿದೆ. ರಿಲೀಸ್ ಆವೃತ್ತಿಯನ್ನು ಗೆಳೆಯರಿಗೆ ಕೊಟ್ಟರೆ ಪಟ್ಟಿಯಲ್ಲಿ ಸಾಲುಗಳಿವೆ, ಆದರೆ ಒಳಗೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಯಾವ ದೋಷಸಂದೇಶವೂ ಬರುವುದಿಲ್ಲ. ಜೇಸನ್ ಓದಲು ಜಿಸನ್ ಎಂಬ ಲೈಬ್ರರಿ ಬಳಸಿದ್ದೇನೆ.

ಉತ್ತರ: ರಿಲೀಸ್ ಆವೃತ್ತಿ ತಯಾರಿಸುವಾಗ, ಕೋಡ್ ಕುಗ್ಗಿಸುವ ಆಯ್ಕೆ ಆನ್ ಆಗಿದ್ದರೆ, ಆರ್8 ಎಂಬ ಸಾಧನವು ಆ್ಯಪ್‌ನ ಗಾತ್ರ ಕುಗ್ಗಿಸಲು ನಿಮ್ಮ ಕ್ಲಾಸ್‌ನ ಫೀಲ್ಡ್‌ಗಳ ಹೆಸರುಗಳನ್ನು ಒಂದೆರಡು ಅಕ್ಷರಗಳಿಗೆ ಇಳಿಸುತ್ತದೆ. ಜಿಸನ್ ಲೈಬ್ರರಿ ಫೀಲ್ಡ್‌ನ ಹೆಸರನ್ನೇ ಜೇಸನ್‌ನ ಕೀಯೊಂದಿಗೆ ಹೋಲಿಸಿ ನೋಡುವುದರಿಂದ, ಹೆಸರು ಬದಲಾದ ಮೇಲೆ ಅದಕ್ಕೆ ಹೊಂದುವ ಕೀ ಸಿಗುವುದಿಲ್ಲ, ಫೀಲ್ಡ್ ನಲ್ ಆಗಿ ಉಳಿಯುತ್ತದೆ. ನಲ್ ಬರಲಾರದು ಎಂದು ನೀವು ಕೋಟ್ಲಿನ್‌ನಲ್ಲಿ ಘೋಷಿಸಿದ್ದರೂ ಜಿಸನ್ ಅದನ್ನು ಲೆಕ್ಕಿಸುವುದಿಲ್ಲ, ದೋಷಸಂದೇಶ ಬಾರದಿರುವುದಕ್ಕೆ ಇದೇ ಕಾರಣ. ಪ್ರತಿ ಫೀಲ್ಡ್‌ನ ಮೇಲೆ ಸೀರಿಯಲೈಜ್ಡ್ ನೇಮ್ ಎಂಬ ಅನೊಟೇಶನ್ (ಗುರುತು) ಹಾಕಿ ಜೇಸನ್‌ನ ಕೀಯನ್ನು ಅಲ್ಲಿ ಬರೆದರೆ ಸಾಮಾನ್ಯವಾಗಿ ಸಮಸ್ಯೆ ತೀರುತ್ತದೆ. ಹೊಸದಾಗಿ ಆರಂಭಿಸುವವರಿಗೆ ನಾನು ಕೋಟ್ಲಿನ್‌ನದೇ ಆದ ಸೀರಿಯಲೈಸೇಶನ್ ಲೈಬ್ರರಿಯನ್ನು ಸೂಚಿಸುತ್ತೇನೆ, ಏಕೆಂದರೆ ಕಡ್ಡಾಯವಾದ ಕೀ ಇಲ್ಲದಿದ್ದರೆ ಅದು ಪಾರ್ಸ್ ಮಾಡುವ ಹಂತದಲ್ಲೇ ಯಾವ ಕೀ ಕಾಣೆಯಾಗಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ತಿದ್ದಿದ ಮೇಲೆ ಹಳೆಯ ಆ್ಯಪನ್ನು ಫೋನಿನಿಂದ ತೆಗೆದುಹಾಕಿ, ಗೆಳೆಯರಿಗೆ ಕೊಡುವ ಅದೇ ರಿಲೀಸ್ ಫೈಲನ್ನು ನಿಮ್ಮ ಫೋನಿನಲ್ಲಿ ಹಾಕಿಕೊಂಡು ಒಮ್ಮೆ ಓಡಿಸಿ ನೋಡಿ.